ಬಾಜೂಕ ಇಟ್ಟ ನಾಲ್ಕು ಪೆನ್ನು

ನನ್ನ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ ಎಂದು ನನ್ನ ಗಂಡ ಅಶ್ಫಾಕ ಮದುವೆಯಾದ ಮೂರನೆಯ ದಿನವೇ ಕಂಡುಹಿಡಿದ. ಇಪ್ಪತ್ತೊಂಬತ್ತು ವರ್ಷವಾಯಿತು, ಅವನು ಆ ಮಾತು ಬಿಟ್ಟಿಲ್ಲ, ನಾನು ಸಿಟ್ಟು ಬಿಟ್ಟಿಲ್ಲ. ನರ್ಸು ಅಂದಮೇಲೆ ಸ್ವಲ್ಪ ಸಿಟ್ಟು ಇರಲೇಬೇಕು, ಇಲ್ಲದಿದ್ದರೆ ಯಾರೂ ಮಾತು ಕೇಳುವುದಿಲ್ಲ ಎಂಬುದು ನನ್ನ ಲೆಕ್ಕಾಚಾರವಾಗಿತ್ತು. ಕಳೆದ ಏಪ್ರಿಲ್‌ನ ಒಂದು ಮಂಗಳವಾರ ಆ ಲೆಕ್ಕಾಚಾರಕ್ಕೆ ಸರಿಯಾದ ಪೆಟ್ಟು ಬಿತ್ತು.

ನಾನು ಫಕ್ರುನ್ನಿಸಾ. ಮನೆ ಬೆಳಗಾವಿಯ ಖಾಸಬಾಗದಲ್ಲಿ, ಕೆಲಸ ಖಾನಾಪುರದ ಒಂದು ವೃದ್ಧಾಶ್ರಮದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ವೃದ್ಧಾಶ್ರಮ ಅಂದ ತಕ್ಷಣ ಜನ ಮುಖ ಸಣ್ಣದು ಮಾಡಿಕೊಂಡು "ಪಾಪ" ಅನ್ನುತ್ತಾರೆ. ಒಮ್ಮೆ ಬಂದು ನೋಡಲಿ ಅಂತೀನಿ. ಹತ್ತೊಂಬತ್ತು ಮಂದಿ ಇದ್ದಾರೆ. ಬೆಳಿಗ್ಗೆ ಭಜನೆ, ಆಮೇಲೆ ಇಸ್ಪೀಟು, ಇಸ್ಪೀಟಿನಲ್ಲಿ ಜಗಳ, ಜಗಳ ಮುಗಿದ ಮೇಲೆ ಚಹಾ. ಸೋಮಲಿಂಗಜ್ಜ ಮತ್ತು ಬಸಲಿಂಗಪ್ಪನವರು ಒಂದು ಎಲೆಯ ಸಲುವಾಗಿ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಒಬ್ಬರ ತಲೆಗೆ ಒಬ್ಬರು ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿರುತ್ತಾರೆ. ಇವರಲ್ಲಿ ಪಾಪ ಅನ್ನಬೇಕಾದವರು ಯಾರು? ಅವರನ್ನು ಸಂಭಾಳಿಸುವ ನಾನು.

ಆಶ್ರಮದಲ್ಲಿ ನನ್ನ ಜೀವ ಇರುವುದು ಒಂದು ಸಣ್ಣ ಫ್ರಿಜ್ಜಿನಲ್ಲಿ. ಅದು ಔಷಧಿಯ ಫ್ರಿಜ್ಜು. ಅದಕ್ಕೆ ಬೀಗ ಇದೆ, ಒಳಗೆ ಉಷ್ಣತೆ ತೋರಿಸುವ ಮೀಟರಿದೆ, ಥಂಡಿ ಹೆಚ್ಚುಕಡಿಮೆ ಮಾಡುವ ಗುಂಡಿ ಇದೆ. ಎರಡು ಡಿಗ್ರಿಗಿಂತ ಕೆಳಗೆ ಹೋಗಬಾರದು, ಎಂಟು ದಾಟಬಾರದು. ಹಾಲು, ಮೊಸರು, ನಿಂಬೆಹಣ್ಣು ಏನೂ ಒಳಗೆ ಬರುವಂತಿಲ್ಲ. ಅದರಲ್ಲಿ ಮುಖ್ಯವಾಗಿ ಇರುವುದು ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಪೆನ್ನುಗಳು. ಈ ಇನ್ಸುಲಿನ್ ಬಹಳ ಸೂಕ್ಷ್ಮದ ವಸ್ತು. ಬಿಸಿಯಾದರೆ ಕೆಡುತ್ತದೆ, ಮಂಜುಗಟ್ಟಿ ಬರ್ಫವಾದರೂ ಕೆಡುತ್ತದೆ. ಹಾಲು ಕೆಟ್ಟರೆ ಒಡೆಯುತ್ತದೆ, ಅನ್ನ ಕೆಟ್ಟರೆ ನಾರುತ್ತದೆ. ಆದರೆ ಇದು ಗಟ್ಟಿಯಾಗಿ ಮತ್ತೆ ಕರಗಿದರೆ ನೋಡಲು ಮೊದಲಿನ ಹಾಗೆಯೇ ತಿಳಿನೀರು. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಚುಚ್ಚಿಕೊಂಡವರ ಸಕ್ಕರೆ ಏರತೊಡಗಿದಾಗ ಗೊತ್ತಾಗುತ್ತದೆ, ಅಷ್ಟೇ.

ಈ ಫ್ರಿಜ್ಜಿನ ಚಾವಿ ಸಾತವ್ವನ ಸೊಂಟದಲ್ಲಿ. ಸಾತವ್ವ ನಮ್ಮ ಆಯಾ, ಖಾನಾಪುರದವಳೇ, ಐವತ್ತು ದಾಟಿದ್ದಾಳೆ. ನಾಲ್ಕನೆಯ ತರಗತಿಯವರೆಗೆ ಮರಾಠಿ ಸಾಲಿ ಕಲಿತವಳು. ಆ ಚಾವಿಯನ್ನು ನಾನೇ ಅವಳಿಗೆ ಕೊಡಿಸಿದ್ದು. ಕೊಟ್ಟ ದಿನ ಅವಳು ಅದನ್ನು ಕಣ್ಣಿಗೆ ಒತ್ತಿಕೊಂಡಿದ್ದಳು. ಮೂವತ್ತು ವರ್ಷ ಪಾತ್ರೆ, ಬಟ್ಟೆ, ಬೇರೆಯವರ ಮನೆಯ ಕಸ ಅಂತ ದುಡಿದವಳಿಗೆ ಯಾರೂ ಯಾವತ್ತೂ ಒಂದು ಚಾವಿ ಕೊಟ್ಟಿರಲಿಲ್ಲವಂತೆ. ದಿನಾ ಏಳು ಗಂಟೆಗೆ ಮೀಟರು ನೋಡಿ ವಹಿಯಲ್ಲಿ ಅಂಕಿ ಬರೆಯುವಾಗ ಅವಳು ಸೆರಗು ಸರಿ ಮಾಡಿಕೊಂಡು ನಿಲ್ಲುತ್ತಿದ್ದಳು.

ಆ ಮಂಗಳವಾರ ನಾನು ನೇರವಾಗಿ ಖಾನಾಪುರಕ್ಕೆ ಹೋಗುವಂತಿರಲಿಲ್ಲ. ಸದಾಶಿವನಗರದಲ್ಲಿ ನಮ್ಮ ಡಾಕ್ಟರ ದವಾಖಾನೆಗೆ ಹೋಗಿ ಎಲ್ಲರ ಔಷಧಿ ಚೀಟಿಗೆ ಸಹಿ ಹಾಕಿಸಿಕೊಳ್ಳಬೇಕಿತ್ತು. ಬಸ್ಸಿನಲ್ಲಿ ನೇತಾಡುತ್ತಾ ನಿಂತಿದ್ದಾಗ ಸಾತವ್ವನ ಫೋನು ಬಂತು.

"ಸಿಸ್ಟರ, ಮೀಟರ್ ಎರಡಕ್ಕ ಬಂದೈತ್ರಿ. ಹಿಂದಿನ ಗ್ವಾಡಿಗೆ ಬರ್ಫ ಹಿಡದೈತಿ. ನಾಕು ಪೆನ್ನು ಬರ್ಫಿಗೆ ಅಂಟ್ಕೊಂಡಾವ್ರಿ."

"ಅಯ್ಯ ನಿನ್ನ! ಗುಂಡಿ ನಡುವಿಗೆ ತಿರುವು ಮೊದಲ. ಆ ಹಿಂದಿನ ನಾಕೂ ತಗದು ಬಾಜೂಕ ಇಡು. ನಾ ಬಂದು ನೋಡ್ತೀನಿ" ಎಂದೆ. ಕಂಡಕ್ಟರು ಚೀಟಿ ಚೀಟಿ ಎಂದು ಒದರುತ್ತಿದ್ದ, ಫೋನು ಇಟ್ಟೆ.

ದವಾಖಾನೆಯಲ್ಲಿ ಗದ್ದಲವೋ ಗದ್ದಲ. ಸಹಿ ಆಗುವ ಹೊತ್ತಿಗೆ ಒಂದು ಗಂಟೆ. ನಾನು ಖಾನಾಪುರ ಮುಟ್ಟಿದಾಗ ಎರಡೂವರೆ. ಬಿಸಿಲಿಗೆ ತಲೆ ಸುಡುತ್ತಿತ್ತು, ನೀರು ಸಹ ಕುಡಿಯದೆ ಫ್ರಿಜ್ಜಿನ ಹತ್ತಿರ ಹೋದೆ. ಸಾತವ್ವ ಖುಷಿಯಿಂದ ಬೀಗ ತೆಗೆದಳು. ಬರ್ಫವೆಲ್ಲ ಕರಗಿಸಿ, ಒರೆಸಿ ಫಳಫಳ ಮಾಡಿದ್ದಳು. ನಡುವಿನ ಖಾನೆಯಲ್ಲಿ ಹತ್ತು ಪೆನ್ನುಗಳು ಒಂದೇ ಸಾಲಿನಲ್ಲಿ, ಕಂಪನಿಯ ಹೆಸರು ಮುಂದೆ ಮಾಡಿಕೊಂಡು ಕೂತಿದ್ದವು.

"ಕೆಟ್ಟ ನಾಕು ಎಲ್ಲಿ?" ಎಂದೆ.

"ಇಲ್ಲೇ ಅದಾವಲ್ರಿ. ನೀವು ಹೇಳಿದಂಗ ಹಿಂದಿಂದ ತಗದು ಬಾಜೂಕ ಇಟ್ಟೀನಿ."

ಹತ್ತೂ ಒಂದೇ ಕಂಪನಿ, ಒಂದೇ ನಂಬರು, ಒಂದೇ ತಾರೀಖು. ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿದೆ. ಹತ್ತೂ ತಿಳಿನೀರು.

"ಇದರಾಗ ಯಾವುವು ಅವು?"

ಸಾತವ್ವ ಸಾಲನ್ನು ನೋಡಿದಳು, ನನ್ನನ್ನು ನೋಡಿದಳು. ಮುಖದ ಖುಷಿ ಇಳಿಯಿತು. "ಗೊತ್ತಿಲ್ರಿ ಸಿಸ್ಟರ. ಒರಸಿ ಇಡೂಮುಂದ ಎಲ್ಲಾ ಕೂಡ್ಯಾವು."

ಆಮೇಲೆ ನಾನು ಏನೇನು ಅಂದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ನಿನಗೆ ಕಣ್ಣಿಲ್ಲವೇ, ಕಿವಿ ಇಲ್ಲವೇ, ತಲೆಯಲ್ಲಿ ಏನು ತುಂಬಿದೆ, ನಿನ್ನ ಕೈಗೆ ಚಾವಿ ಕೊಟ್ಟ ನನಗೆ ಬುದ್ಧಿ ಇಲ್ಲ. ಅಂಗಳದಲ್ಲಿ ಇಸ್ಪೀಟು ನಿಂತಿತು. ಸಾಲದ್ದಕ್ಕೆ ಅಡುಗೆಯ ಸಿದ್ದಪ್ಪ ನೋಡಲು ಬಂದ. ಹಿಂದಿನ ತಿಂಗಳು ಸಾತವ್ವನನ್ನು ಪುಸಲಾಯಿಸಿ ಚಾವಿ ಇಸಿದುಕೊಂಡು ಶ್ರೀಖಂಡದ ಡಬ್ಬಿಯನ್ನು ಇದೇ ಫ್ರಿಜ್ಜಿನಲ್ಲಿಟ್ಟು ನನ್ನ ಕೈಗೆ ಸಿಕ್ಕಿಬಿದ್ದಿದ್ದ ಮಹಾಶಯ ಇವನು. ಗುಂಡಿ ಪೂರಾ ತಿರುವಿದವನು ಇವನೇ ಎಂದು ನನಗೆ ಖಾತ್ರಿಯಾಯಿತು.

"ಮತ್ತ ಮಜ್ಜಿಗಿ ಥಂಡ ಮಾಡಾಕ ಹೋಗಿದ್ದೇನು? ಗುಂಡಿ ತಿರುವಿದಾಂವ ನೀನ ಹೌದಲ್ಲೋ?"

"ನಾ ಈ ಕಡೆ ಹಣಿಕಿ ಸುದ್ದಾ ಹಾಕಿಲ್ರಿ ಸಿಸ್ಟರ! ದೇವರಾಣಿ!"

"ದೇವರನ್ನ ಯಾಕ ನಡುವ ತರ್ತಿ? ನಡಿ ಇಲ್ಲಿಂದ!"

ಹೋದ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಎರಡು ಪಟ್ಟಾಯಿತು. ಸಾತವ್ವ ಗೋಡೆಗೆ ಆತುಕೊಂಡು ನಿಂತೇ ಇದ್ದಳು.

ಗದ್ದಲ ಕೇಳಿ ಮ್ಯಾನೇಜರ್ ಜಿನಪ್ಪನವರು ಬಂದರು. ಒಳ್ಳೆಯ ಮನುಷ್ಯ, ಆದರೆ ಯಾವ ಫಜೀತಿಯೇ ಬಂದರೂ ಯಾರನ್ನಾದರೂ ಒಬ್ಬರನ್ನು ತೆಗೆದರೆ ಸರಿಹೋಗುತ್ತದೆ ಎಂದು ನಂಬಿದವರು. ಒಂದು ಪೆನ್ನನ್ನು ಕಣ್ಣ ಹತ್ತಿರ ಹಿಡಿದರು. "ಸ್ವಚ್ಛ ನೀರಿನಂಗ ಐತೆಲ್ರೀ ಸಿಸ್ಟರ. ಹತ್ತರಾಗ ಆರು ಚಲೋನ ಅದಾವ. ನಡೀತೈತಿ ಬಿಡ್ರಿ."

"ಹತ್ತು ಲೋಟ ನೀರಿನ್ಯಾಗ ನಾಕರಾಗ ಹುಳಾ ಬಿದ್ದಾವ, ಯಾವು ಅಂತ ಗೊತ್ತಿಲ್ಲ ಅಂದ್ರ ನೀವು ಕುಡೀತೀರೇನ್ರಿ?" ಎಂದೆ. ಅವರು ಪೆನ್ನು ಕೆಳಗಿಟ್ಟರು.

ಹತ್ತಕ್ಕೆ ಹತ್ತನ್ನೂ ತೆಗೆದು, ಒಂದೊಂದರ ಮೇಲೂ ಕೆಂಪು ಗುರುತು ಹಾಕಿ, ಬೇರೆ ಡಬ್ಬಿಯಲ್ಲಿ ತುಂಬಿ ಅಂಟುಪಟ್ಟಿ ಸುತ್ತಿದೆ. ಡಾಕ್ಟರಿಗೆ ಫೋನು ಮಾಡಿದರೆ ಅವರೂ ಅದನ್ನೇ ಹೇಳಿದರು. ಇನ್ಸುಲಿನ್ ಚುಚ್ಚಿಕೊಳ್ಳುವವರು ಮೂವರು. ಇಬ್ಬರ ಚಾಲ್ತಿ ಪೆನ್ನಿನಲ್ಲಿ ಇನ್ನೂ ಔಷಧ ಇತ್ತು. ಫಜೀತಿ ಬಂದದ್ದು ಹೀರಾಬಾಯಿಯವರಿಗೆ. ಅವರ ಪೆನ್ನು ಅವತ್ತು ಬೆಳಿಗ್ಗೆಯೇ ಖಾಲಿಯಾಗಿತ್ತು. ಒಬ್ಬರ ಪೆನ್ನನ್ನು ಇನ್ನೊಬ್ಬರಿಗೆ ಚುಚ್ಚುವಂತಿಲ್ಲ. ಅವರ ನಮೂನೆಯ ಪೆನ್ನು ಅವತ್ತು ಖಾನಾಪುರದ ಅಂಗಡಿಗಳಲ್ಲಿ ಇರಲಿಲ್ಲ.

ಹೀರಾಬಾಯಿ ಜೈನರು. ಎಪ್ಪತ್ತಾರು ವಯಸ್ಸು, ಸಾಲಿ ಬಾಯಾರಾಗಿ ಖಾನಾಪುರ ತಾಲೂಕಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ಸೂರ್ಯ ಮುಳುಗಿದ ಮೇಲೆ ಅವರು ಊಟ ಮಾಡುವುದಿಲ್ಲ, ಹನಿ ನೀರೂ ಕುಡಿಯುವುದಿಲ್ಲ. ಚುಚ್ಚಿಕೊಳ್ಳದೆ ಉಣ್ಣುವಂತಿಲ್ಲ. ಕತ್ತಲಾದ ಮೇಲೆ ಪೆನ್ನು ಬಂದರೆ ಅವರು ಊಟ ಬಿಡುವವರೇ ಹೊರತು ನಿಯಮ ಬಿಡುವವರಲ್ಲ. ದಿನಾ ಆರಕ್ಕೆ ಅವರ ಊಟ. ಗಡಿಯಾರ ಮೂರು ತೋರಿಸುತ್ತಿತ್ತು.

ಖಾಸಬಾಗದ ನಮ್ಮ ಔಷಧಿ ಅಂಗಡಿಗೆ ಫೋನು ಮಾಡಿದೆ. ಪೆನ್ನು ಇವೆ, ಆದರೆ ತರುವವರಿಲ್ಲ ಎಂದರು. ಅಶ್ಫಾಕನಿಗೆ ಫೋನು ಮಾಡಿದೆ. ನನ್ನ ಗಂಡ ಕುಲ್ಫಿ ಮಾರುತ್ತಾನೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಕುಲ್ಫಿಯವನಿಗೆ ಎಂಥ ಹೊತ್ತು ಎಂದು ನಿಮಗೂ ಗೊತ್ತು. ಆದರೂ ಒಂದೇ ಮಾತಿಗೆ ಹೊರಟ. ನಾವು ಮನೆಯಲ್ಲಿ ದಖನಿ ಆಡುವವರು. "ಬರಫ ಕೂ ನಕ್ಕೋ ಲಗಾವ್" ಎಂದು, ಅಂದರೆ ಬರ್ಫಿಗೆ ತಾಗಿಸಬೇಡ ಎಂದು, ನಾಲ್ಕು ಸಲ ಹೇಳಿದೆ. ಐದನೆಯ ಸಲಕ್ಕೆ ಅವನು ನಕ್ಕ. ಮೂವತ್ತು ವರ್ಷದಿಂದ ಬರ್ಫದ ಜೊತೆ ಸಂಸಾರ ಮಾಡಿದವನಿಗೆ ಬರ್ಫದ ಪಾಠ ಹೇಳಬೇಡ ಎಂದ. ನನ್ನ ಜೊತೆಗಿನ ಸಂಸಾರಕ್ಕಿಂತ ಅದು ಒಂದು ವರ್ಷ ಹಳೆಯದು.

ಅಷ್ಟರಲ್ಲಿ ಜಿನಪ್ಪನವರು ತೀರ್ಮಾನ ಮಾಡಿಬಿಟ್ಟಿದ್ದರು. ಸಾತವ್ವನ ಮುಂದೆ ಕೈ ಚಾಚಿ, "ಚಾವಿ ಕೊಡವಾ. ನಾಳಿಂದ ಹೊಸಾ ಹುಡುಗಿ ನಿಖಿತಾ ನೋಡ್ಕೋತಾಳ. ಓದಿದಾಕಿ. ಕೇಳಿದ್ರ ನೀ ಗೊತ್ತಿಲ್ಲ ಅಂತೀ ಅಂದ್ರ ಏನ್ ಅರ್ಥ?" ಎಂದರು. ಸಾತವ್ವ ಸೊಂಟದಿಂದ ಚಾವಿ ಬಿಚ್ಚಿ ಕೊಟ್ಟಳು. ನಾನು ಅಲ್ಲೇ ನಿಂತಿದ್ದೆ. ಸರಿಯಾಯಿತು ಎಂದೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಹೀರಾಬಾಯಿಯವರ ಕೋಣೆಗೆ ಹೋಗಿ ವಿಷಯ ಹೇಳಿದೆ. ಅವರು ಕಿಟಕಿಯ ಹತ್ತಿರ ಕೂತು ಕನ್ನಡಕ ಒರೆಸುತ್ತಿದ್ದರು. ನನ್ನ ಕೂಗೆಲ್ಲ ಅವರಿಗೆ ಕೇಳಿತ್ತು.

"ಕುಂದರ ಫಕ್ರೂ. ನೀರು ಕುಡಿ ಮೊದಲ. ಮುಂಜಾನೆ ಫೋನಿನ್ಯಾಗ ಆಕೀಗೆ ಏನಂದಿ? ಒಂದಕ್ಷರ ಬಿಡದ ಹೇಳು."

"ಹಿಂದಿನ ನಾಕೂ ತಗದು ಬಾಜೂಕ ಇಡು ಅಂದೆ."

"ಅಂದ್ರ?"

"ಅಂದ್ರ ಏನ್ರಿ ಬಾಯಾರ? ಬ್ಯಾರೆ ಮಾಡಿ ಇಡು ಅಂತ. ಅವನ್ನ ಮುಟ್ಟಬ್ಯಾಡ ಅಂತ."

"ಕೆಟ್ಟಾವು ಅಂದೇನು?"

ನಾನು ನೆನಪು ಮಾಡಿಕೊಂಡೆ. ಅಂದಿರಲಿಲ್ಲ.

"ಹಿಂದ ಬರ್ಫ ಐತಿ. ಅಲ್ಲಿಂದ ತಗದು ಬಾಜೂಕ ಇಡು ಅಂದ್ರ ಆಕಿ ಏನು ತಿಳೀಬೇಕು? ಚಲೋ ಪೆನ್ನಿನ ಬಾಜೂಕ ಇಟ್ಲು. ನಾನಾದ್ರೂ ಹಂಗ ಇಡ್ತಿದ್ದೆ. ಮೂವತ್ತೈದು ವರ್ಷ ಸಾಲ್ಯಾಗ ಇದೊಂದು ಶಬ್ದದ ಕಾಟ ತಡಕೊಂಡೀನಿ. ಪಾಟಿ ಬಾಜೂಕ ಇಡ್ರಿ ಅಂದ್ರ ಅರ್ಧ ಹುಡುಗೂರು ದೂರ ಸರಸ್ತಿದ್ರು, ಅರ್ಧ ಹುಡುಗೂರು ಬಾಜೂ ಹುಡುಗನ ಪಾಟಿಗೆ ಹಚ್ಚಿ ಇಡ್ತಿದ್ರು."

ಕುಡಿಯುತ್ತಿದ್ದ ನೀರಿನ ಲೋಟವನ್ನು ಕೆಳಗಿಟ್ಟೆ.

"ಇನ್ನೊಂದು ಕೇಳು," ಎಂದರು ಹೀರಾಬಾಯಿ. "ನೀ ಹಂಗ ಬೆಂಕಿ ಆಗಿ ನಿಂತಾಗ ಆಕಿ ಯಾವುವಾದ್ರೂ ನಾಕು ಎತ್ತಿ, ಇವು ನೋಡ್ರಿ ಸಿಸ್ಟರ ಅಂದಿದ್ರ ನಿನಗ ತಿಳೀತಿತ್ತೇನು?"

ತಿಳಿಯುತ್ತಿರಲಿಲ್ಲ. ನಾನು ಆ ನಾಲ್ಕನ್ನು ಎಸೆದು, ಉಳಿದ ಆರರಲ್ಲಿ ಒಂದನ್ನು ತಂದು ಇವರ ಕೈಗೆ ಕೊಡುತ್ತಿದ್ದೆ. ಆಕೆಗೆ ಬೈಗುಳವೂ ಇರುತ್ತಿರಲಿಲ್ಲ, ಚಾವಿಯೂ ಹೋಗುತ್ತಿರಲಿಲ್ಲ.

"ಗೊತ್ತಿಲ್ಲ ಅಂದ್ಲು. ಅಷ್ಟು ಬೈಸಿಕೊಂಡೂ ಗೊತ್ತಿಲ್ಲ ಅಂದ್ಲು. ಅದಕ್ಕ ನಾ ಇವತ್ತು ಖಾತ್ರಿ ಇಲ್ಲದ್ದು ಚುಚ್ಕೊಳ್ಳೂದು ತಪ್ಪಿತು. ಈಗ ಹೋಗು, ನಾ ಸ್ವಲ್ಪ ಅಡ್ಡಾಗ್ತೀನಿ."

ಹೊರಗೆ ಬಂದೆ. ಹಿತ್ತಲಲ್ಲಿ ಸಾತವ್ವ ಹಾಸಿಗೆಯ ಬಟ್ಟೆ ಒಗೆಯುತ್ತಿದ್ದಳು. ಮಾತಾಡಿಸಲು ಧೈರ್ಯವಾಗಲಿಲ್ಲ. ಮೊದಲು ಪೆನ್ನು ಬರಲಿ ಎಂದು ಗೇಟಿನ ಹತ್ತಿರ ನಿಂತೆ. ನಾಲ್ಕೂವರೆ ಆಯಿತು, ಐದಾಯಿತು. ಅಶ್ಫಾಕನಿಗೆ ಫೋನು ಮಾಡಿದರೆ ಎತ್ತುತ್ತಿಲ್ಲ. ಐದು ಹತ್ತಕ್ಕೆ ಅವನೇ ಮಾಡಿದ. ರೈಲ್ವೆ ಗೇಟು ಹಾಕಿದ್ದಾರೆ, ಗೂಡ್ಸು ಗಾಡಿ ಹೋಗುತ್ತಿದೆ, ಡಬ್ಬಿ ಎಣಿಸುತ್ತಾ ನಿಂತಿದ್ದೇನೆ ಎಂದ. ಅವನಿಗೆ ಯಾವಾಗಲೂ ಚೇಷ್ಟೆ. ಐದೂ ಮೂವತ್ತೈದಕ್ಕೆ ಅವನ ಗಾಡಿಯ ಸದ್ದು ಕೇಳಿಸಿತು. ಗಾಡಿಯ ಹಿಂದೆ ಕುಲ್ಫಿಯ ಡಬ್ಬ ನೋಡಿ ಓಡಿಹೋದೆ.

"ಕುಲ್ಫಿ ಡಬ್ಬದಾಗ ತಂದಿಯೇನು! ಮತ್ತ ಬರ್ಫ ಮಾಡಿದಿಯಲ್ಲೋ ಮಾರಾಯಾ!"

ಜಿನಪ್ಪನವರೂ ಅಲ್ಲಿ ಬಂದಿದ್ದರಿಂದ ಅಶ್ಫಾಕ ಕನ್ನಡದಲ್ಲೇ ಹೇಳಿದ. "ಬರ್ಫಿಗೆ ಉಪ್ಪು ಹಾಕಿದ್ರ ಕುಲ್ಫಿ ಗಟ್ಟಿ ಆಗತೈತಿ. ಉಪ್ಪು ಇಲ್ಲಂದ್ರ ಬರೇ ಥಂಡಿ. ತಳದಾಗ ಕರಗೂ ಬರ್ಫ, ಅದರ ಮ್ಯಾಲೆ ಟಾವೆಲ್ಲು ನಾಕು ಮಡಚಿ, ಅದರ ಮ್ಯಾಲೆ ಪೆನ್ನು. ನಡುವ ನಿನ್ನ ಮೀಟರ್ ಸುದ್ದಾ ಹಾಕೀನಿ, ನೋಡ." ಮನೆಯಲ್ಲಿ ನಾನು ಇಟ್ಟಿದ್ದ ಹಳೆಯ ಮೀಟರು. ಐದು ಡಿಗ್ರಿ. ಎಲ್ಲರೂ ಇದ್ದರು, ಇಲ್ಲದಿದ್ದರೆ ಆ ಗಂಡಸನ್ನು ಅಲ್ಲೇ ತಬ್ಬಿಕೊಳ್ಳುತ್ತಿದ್ದೆ.

ಹೀರಾಬಾಯಿ ಎಂದಿನಂತೆ ತಾವೇ ಚುಚ್ಚಿಕೊಂಡರು. ಆರೂ ಹತ್ತಕ್ಕೆ ರೊಟ್ಟಿ, ಹೆಸರುಕಾಳಿನ ಪಲ್ಯ. ಹೊರಗೆ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಅವರು ನಿಧಾನವಾಗಿ ಅಗಿದು, ನೀರು ಕುಡಿದು, ಕೈಮುಗಿದರು.

ನಾನು ಸಾತವ್ವನ ಕೈ ಹಿಡಿದು ಆಫೀಸಿಗೆ ಕರೆದುಕೊಂಡು ಹೋದೆ. ಅವಳು ಕೆಲಸವೇ ಹೋಯಿತು ಎಂದುಕೊಂಡು ಬಂದಳು. ಜಿನಪ್ಪನವರ ಟೇಬಲ್ಲಿನ ಮೇಲೆ ಫೈಲುಗಳ ಸಾಲು, ಹಿಂದಿನ ಕಟ್ಟೆಯ ಮೇಲೆ ಒಂದು ನೀಲಿ ಫೈಲು.

"ಸಾಹೇಬ್ರ, ಆ ಹಿಂದಿನ ಫೈಲ್ ತಗದು ಬಾಜೂಕ ಇಡ್ರಿ."

ಅವರು ತಿರುಗಿ ನೀಲಿ ಫೈಲು ತೆಗೆದು ಟೇಬಲ್ಲಿನ ಫೈಲುಗಳ ಪಕ್ಕದಲ್ಲಿ ಇಟ್ಟರು. "ಇಟ್ಟೆ. ಏನದು?"

"ತಪ್ಪಿತು. ನಾ ಹೇಳಿದ್ದು ಬ್ಯಾರೆ ಮಾಡಿ ದೂರ ಇಡ್ರಿ ಅಂತ. ಇನ್ನ ನಿಮ್ಮ ಡ್ರಾವರ್ ಚಾವಿ ನಿಖಿತಾಗ ಕೊಟ್ಟು ಬಿಡ್ರಿ."

ಅವರು ಫೈಲು ನೋಡಿದರು, ಸಾತವ್ವನನ್ನು ನೋಡಿದರು. ತಿಳಿಯಿತು. ತಲೆ ಕೆರೆದುಕೊಂಡು ನಕ್ಕರು. ನಾನು ನಗಲಿಲ್ಲ. "ತಪ್ಪು ನಂದು ಸಾಹೇಬ್ರ. ಕೆಟ್ಟಾವು ಅಂತ ಹೇಳದ ಬಿಟ್ಟಾಕಿ ನಾನು. ಈಕಿ ಗೊತ್ತಿಲ್ಲ ಅಂದಿದ್ದಕ್ಕ ಇವತ್ತು ನಾವೆಲ್ಲಾ ಉಳದೀವಿ" ಎಂದೆ. ಚಾವಿ ವಾಪಸು ಬಂತು. ವಹಿಯಲ್ಲಿ ನನ್ನ ತಪ್ಪನ್ನು ನನ್ನ ಅಕ್ಷರದಲ್ಲೇ ಬರೆದು ಸಹಿ ಹಾಕಿದೆ. ಇನ್ನು ಮುಂದೆ ಕೆಟ್ಟ ಔಷಧಕ್ಕೆ ಕೆಂಪು ಡಬ್ಬಿ, ಬಾಜೂಕ ಎಂಬ ಶಬ್ದ ಫ್ರಿಜ್ಜಿನ ಹತ್ತಿರ ಬಂದ್ ಎಂದೂ ಬರೆದೆ.

ಹೊರಗೆ ಬಂದ ಮೇಲೆ ಸಾತವ್ವ ಚಾವಿಯನ್ನು ನನ್ನ ಕೈಯಲ್ಲೇ ಇಟ್ಟಳು.

"ಬ್ಯಾಡ್ರಿ ಸಿಸ್ಟರ. ನನಗ ಅಂಜಿಕಿ ಬರತೈತಿ."

"ನಾ ತಪ್ಪಾತು ಅಂದ್ನೆಲ್ಲ ಯವ್ವಾ. ಹಂಗ ಬಾಯಿ ಮಾಡಬಾರದಿತ್ತು. ಮನಸಿಗೆ ಹಚ್ಕೋಬ್ಯಾಡ."

ಅವಳು ನೆಲ ನೋಡುತ್ತಾ ಸಣ್ಣ ದನಿಯಲ್ಲಿ ಹೇಳಿದಳು. "ಸಿಸ್ಟರ, ಆ ಗುಂಡಿ ಪೂರಾ ತಿರುವಿದಾಕಿ ನಾನ್ರಿ."

"ಏನು?"

"ನಿನ್ನೆ ಸಂಜಿಮುಂದ ಕರೆಂಟ್ ಹೋಗಿತ್ರಿ. ಬಂದ ಮ್ಯಾಲೆ ನೋಡಿದ್ರ ಮೀಟರ್ ಎಂಟರ ಹತ್ರ ಹೋಗಿತ್ತು. ಎಂಟು ದಾಟಿದ್ರ ನಿನ್ನ ಚರ್ಮಾ ಸುಲೀತೀನಿ ಅಂದಿದ್ರೆಲ್ರಿ ನೀವು. ಲಗೂನ ಥಂಡ ಆಗಲಿ ಅಂತ ಪೂರಾ ತಿರುವಿದೆ. ತಾಸು ಬಿಟ್ಟು ಹಿಂದ ತಿರುವೂಣು ಅಂದ್ಕೊಂಡೆ. ಸೋಮಲಿಂಗಜ್ಜನ ಹಾಸಿಗಿ ಬದಲಿ ಮಾಡೂದ್ರಾಗ ಮರತ ಹೋತು. ಸಿದ್ದಪ್ಪಗ ಬೈದ್ರಿ, ಆವಾಗ ಹೇಳಬೇಕಿತ್ತು. ಬಾಯೇ ಬರಲಿಲ್ಲ."

ನನ್ನೊಳಗೆ ಸಿಟ್ಟು ಭುಗಿಲೆಂದು ಎದ್ದಿತು. ಖರೇ ಹೇಳುತ್ತೇನೆ, ನಾಲಿಗೆಯ ತುದಿಯವರೆಗೆ ಬಂತು. ಆಗ ಅವಳ ಕಣ್ಣು ನೋಡಿದೆ. ಏಟು ಬೀಳುವುದನ್ನು ಕಾಯುತ್ತಿರುವವರ ಹಾಗೆ ರೆಪ್ಪೆ ಮುಚ್ಚಿಕೊಂಡು ನಿಂತಿದ್ದಳು. ಆ ನಾಲ್ಕು ಪೆನ್ನು ಬರ್ಫವಾದದ್ದು ಎಲ್ಲಿಂದ ಎಂದು ನನಗೆ ಆಗ ಅರ್ಥವಾಯಿತು. ಗುಂಡಿ ತಿರುವಿದ್ದು ಅವಳ ಕೈ, ತಿರುವಿಸಿದ್ದು ನನ್ನ ಬಾಯಿ.

"ಹೇಳಿದ್ದು ಚಲೋ ಆತು," ಎಂದೆ. ಅಷ್ಟೇ ಹೊರಟಿತು. ಚಾವಿಯನ್ನು ನಾನೇ ಅವಳ ಸೊಂಟಕ್ಕೆ ಸಿಕ್ಕಿಸಿದೆ. ಅವಳು ಕಣ್ಣು ತೆರೆದಳು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಸಿದ್ದಪ್ಪಗ ನಾ ಹೋಗಿ ಹೇಳ್ತೀನ್ರಿ," ಎಂದಳು.

"ನೀ ನಿಂದು ಹೇಳು. ಬೈದಾಕಿ ನಾನು, ನಾನೂ ಬರ್ತೀನಿ."

ಇಬ್ಬರೂ ಅಡುಗೆಮನೆಯ ಬಾಗಿಲಿಗೆ ಬಂದು ನಿಂತೆವು. ಸಿದ್ದಪ್ಪ ನಮಗೆ ಬೆನ್ನು ಮಾಡಿಕೊಂಡು ಬಾಣಲೆ ತಿಕ್ಕುತ್ತಿದ್ದ. ನನ್ನ ಐವತ್ತೆರಡು ವರ್ಷದಲ್ಲಿ ಮೊದಲ ಸಲ ತಪ್ಪಾಯಿತು ಎಂದು ಒಪ್ಪಿಕೊಂಡು ಕಾಲು ತಾಸು ಆಗಿರಲಿಲ್ಲ, ಎರಡನೆಯದರ ಸರದಿ ಬಂದಿತ್ತು. ಸಾತವ್ವ ಹಿಂದಿನಿಂದ ನನ್ನ ಬೆನ್ನಿಗೆ ಮೆಲ್ಲಗೆ ಕೈ ಹಚ್ಚಿದಳು.

"ಸಿದ್ದಪ್ಪಾ," ಎಂದೆ, ನನಗೇ ಗುರುತು ಸಿಗದಷ್ಟು ಸಣ್ಣ ದನಿಯಲ್ಲಿ. ಅವನ ಕೈಯಲ್ಲಿದ್ದ ಬಾಣಲೆ ಜಾರಿ ಬಿತ್ತು.